ಫೆಸೆಂಟ್ ಸೋವುಬೇಟೆಗೆ ನೆಲ ಅಣಿಗೊಳಿಸುವ ಕ್ರಮ: ಒಂದು ಫೆಬ್ರವರಿಯಿಂದ ಮುಂದಿನ ಫೆಬ್ರವರಿವರೆಗೆ

ಬ್ರಿಟನ್ನಿನಲ್ಲಿ ಚಳಿಗಾಲದ ಹಕ್ಕಿಬೇಟೆ ಬಹುಪಾಲು ಸೋವುಬೇಟೆಯೇ. ಕೋವಿ ಹಿಡಿದ ಎಂಟು ಮಂದಿ ಕಣಿವೆಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಮೇಲಿನ ಹಳುವಿನಿಂದ ಸೋವಿನವರು ಕೋಲು ತಟ್ಟುತ್ತ ಬರುತ್ತಾರೆ, ಎದ್ದ ಫೆಸೆಂಟ್, ಅಂದರೆ ಕೋಳಿಯ ಜಾತಿಯ ಉದ್ದಬಾಲದ ಹಕ್ಕಿ, ತಲೆಯ ಮೇಲೆ ಹಾದುಹೋಗುತ್ತದೆ. ನೋಡುವವರಿಗೆ ಇಷ್ಟೇ. ಆದರೆ ಆ ಹಕ್ಕಿ ಅಲ್ಲಿಂದಲೇ ಏಳಬೇಕು, ಇತ್ತಲೇ ಹಾರಬೇಕು, ಅಷ್ಟು ಎತ್ತರದಲ್ಲೇ ಬರಬೇಕು ಎಂಬುದು ಎಂಟು ತಿಂಗಳ ಮೊದಲೇ ತೀರ್ಮಾನವಾಗಿರುತ್ತದೆ. ಬೇಟೆಯ ದಿನ ಏನು ಮಾಡಿದರೂ ಜುಲೈನಲ್ಲಿ ತಪ್ಪಿದ್ದನ್ನು ಸರಿಪಡಿಸಲಾಗದು.

ಬ್ರಿಟನ್ನಿನಲ್ಲಿ ನೆಲೆಸಿ ಹಳ್ಳಿಯ ಬೇಟೆಕೂಟವೊಂದಕ್ಕೆ ಪಾಲುದಾರರಾಗಿ ಸೇರಿದವರಿಗೆ, ಅಥವಾ ಬೇಟೆಹಕ್ಕಿಗಳನ್ನು ಸಾಕಿ ಕಾಯುವ ಕೀಪರ್‌ಗೆ ಕೈಜೋಡಿಸುವವರಿಗೆ ಈ ಬರಹ. ಭಾರತದಲ್ಲಿ ಇದಾವುದಕ್ಕೂ ಎಡೆಯಿಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ಕಾಡುಕೋಳಿ, ಕೌಜುಗಗಳ ಬೇಟೆ ಅಪರಾಧ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇಟೆಗೆ ಕೊಟ್ಟ ಅಪ್ಪಣೆಯಲ್ಲ. ಇಂದು ಕೊಡವರ ಆಯುಧಹಬ್ಬ ಕೈಲ್ ಪೊಳ್ದಿನ ಈಡು ತೆಂಗಿನಕಾಯಿಗೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಎಲ್ಲವನ್ನೂ 1000 ಫೆಸೆಂಟ್ ಕೊಂಡು ತಂದು ಬಿಡುವ ಸಣ್ಣ ಕೂಟಕ್ಕೆ ಹೊಂದಿಸಿ ಹೇಳಿದೆ. ಬಿಟ್ಟ ಹಕ್ಕಿಯಲ್ಲಿ ಈಡಿಗೆ ಸಿಗುವುದು ನೂರಕ್ಕೆ 35–40. ಅಂದರೆ ಋತುವಿಗೆ 350ರಿಂದ 400 ಹಕ್ಕಿ, ದಿನಕ್ಕೆ 45–50ರಂತೆ ಎಂಟು ದಿನ. ಇದಕ್ಕಿಂತ ಹೆಚ್ಚು ಆಸೆಪಟ್ಟು 1000 ಹಕ್ಕಿಯ ನೆಲಕ್ಕೆ 2000 ಸುರಿದರೆ ಸಿಗುವುದು ಬೇಟೆಯಲ್ಲ, ರೋಗ.

ತಾರೀಖು ಮತ್ತು ಕಾಗದಪತ್ರ

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಫೆಸೆಂಟ್ ಋತು ಅಕ್ಟೋಬರ್ 1ರಿಂದ ಫೆಬ್ರವರಿ 1. ಕೌಜುಗ ಸೆಪ್ಟೆಂಬರ್ 1ಕ್ಕೇ ಶುರು, ಮುಗಿಯುವುದು ಅದೇ ಫೆಬ್ರವರಿ 1ಕ್ಕೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಈ ಹಕ್ಕಿಗಳಿಗೆ ಗುಂಡು ಹಾರಿಸುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಭಾನುವಾರಕ್ಕೆ ಕಾನೂನಿನ ತಡೆಯಿಲ್ಲ, ಆದರೆ ಯಾರೂ ಹೊರಡುವುದಿಲ್ಲ.

ಕೋವಿಗೆ ಪೊಲೀಸರು ಕೊಡುವ ಶಾಟ್‌ಗನ್ ಸರ್ಟಿಫಿಕೇಟ್ ಬೇಕು, ಅವಧಿ ಐದು ವರ್ಷ. ಹಕ್ಕಿ ಸಾಕುವುದಕ್ಕೆ ಪಶು ಮತ್ತು ಸಸ್ಯ ಆರೋಗ್ಯ ಸಂಸ್ಥೆಯಲ್ಲಿ ನೋಂದಣಿಯಾಗಬೇಕು. 2024ರ ಅಕ್ಟೋಬರ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಹಕ್ಕಿ ಸಾಕಿದರೂ ಇದು ಕಡ್ಡಾಯ. ಮೂರನೆಯದನ್ನು ಹೊಸಬರು ಹೆಚ್ಚಾಗಿ ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ ನಿಮ್ಮ ನೆಲ ವಿಶೇಷ ಸಂರಕ್ಷಣೆಯ ನಿಸರ್ಗತಾಣದ ಒಳಗೋ ಅದರ ಗಡಿಯಿಂದ 500 ಮೀಟರ್ ಒಳಗೋ ಇದ್ದರೆ ಹಕ್ಕಿ ಬಿಡುವುದಕ್ಕೂ ಲೈಸೆನ್ಸ್ ಬೇಕು. ಷರತ್ತುಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹಕ್ಕಿಗೆ ಮುಂಗಡ ಕೊಡುವ ಮೊದಲೇ ಆ ವರ್ಷದ ನಿಯಮ ಓದಿ. ಮುಂಗಡ ಕೊಡುವ ಸಮಯ ಜನವರಿ–ಫೆಬ್ರವರಿ. 2022ರಲ್ಲಿ ಫ್ರಾನ್ಸಿನ ಹಕ್ಕಿಜ್ವರದಿಂದ ಅಲ್ಲಿನ ಮೊಟ್ಟೆ ಬರುವುದು ನಿಂತಾಗ, ತಡಮಾಡಿದವರಿಗೆ ಹಕ್ಕಿಯೇ ಸಿಗಲಿಲ್ಲ.

ಹಂತ 1: ನೆಲ ನಡೆದು ನಕ್ಷೆ ಬರೆಯುವುದು (ಫೆಬ್ರವರಿ–ಮಾರ್ಚ್)

ಎಲೆ ಉದುರಿದ ಕಾಲದಲ್ಲಿ ನೆಲದ ಏರಿಳಿತ ಚೆನ್ನಾಗಿ ಕಾಣುತ್ತದೆ. ಆಗಲೇ ನಡೆಯಿರಿ. ತಲೆಯಲ್ಲಿರಬೇಕಾದ ಸೂತ್ರ ಒಂದೇ: ಬೆದರಿದ ಫೆಸೆಂಟ್ ಮನೆಯ ಕಡೆಗೆ ಹಾರುತ್ತದೆ. ಅದು ಬೆಳೆದ ಬಲೆಬೇಲಿಯ ದೊಡ್ಡಿ ಇರುವ ಕಾಡೇ ಅದರ ಮನೆ. ಹಾಗಾಗಿ ಮನೆಕಾಡು ಒಂದು ಕಡೆ, ಮೇವಿನ ಆಸೆಗೆ ಹಕ್ಕಿ ಹಗಲಿಡೀ ಇರುವ ಮರೆಬೆಳೆ (ಹಕ್ಕಿಗೆ ಮರೆಯಾಗಲೆಂದೇ ಬೆಳೆಸುವ ಬೆಳೆ) ಇನ್ನೊಂದು ಕಡೆ, ನಡುವೆ ಈಡುಗಾರರ ಸಾಲು. ಹಕ್ಕಿಯನ್ನು ಮನೆಯಿಂದ ಮೇವಿಗೆ ನಡೆಸಿ, ಮೇವಿನಿಂದ ಮನೆಗೆ ಹಾರಿಸುವುದು. ಸೋವುಬೇಟೆಯ ಎಲ್ಲ ಲೆಕ್ಕವೂ ಇದರೊಳಗೇ.

ಫೆಸೆಂಟ್ ಏರಿನ ಕಡೆ ನಡೆಯಲು ಇಷ್ಟಪಡುವ ಹಕ್ಕಿ. ಆದ್ದರಿಂದ ಮನೆಕಾಡು ಕೆಳಗೆ ಅಥವಾ ಎದುರಿನ ಇಳಿಜಾರಿನಲ್ಲಿ, ಮರೆಬೆಳೆ ದಿಣ್ಣೆಯ ಮೇಲೆ ಇದ್ದರೆ ಅರ್ಧ ಕೆಲಸ ಹಕ್ಕಿಯೇ ಮಾಡಿಕೊಡುತ್ತದೆ. ಎಕ್ಸ್‌ಮೂರ್‌ನ ಕಡಿದಾದ ಕಣಿವೆಗಳು ಎತ್ತರದ ಹಕ್ಕಿಗೆ ಹೆಸರಾಗಿರುವುದು ಇದರಿಂದಲೇ: ಹಕ್ಕಿ ದಿಣ್ಣೆಯ ತಲೆಯಿಂದ ನೇರ ಹೊರಟು ಕಣಿವೆ ದಾಟುತ್ತದೆ, ನಿಂತವರು ಕಣಿವೆಯ ತಳದಲ್ಲಿ. ನಾರ್ಫೋಕ್‌ನಂಥ ಚಪ್ಪಟೆ ನೆಲದಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ಈಡುಗಾರರನ್ನು ಹಕ್ಕಿ ಏಳುವ ಜಾಗದಿಂದ ನೂರು ಮೀಟರ್ ಹಿಂದಕ್ಕೆ ನಿಲ್ಲಿಸಿ, ನಡುವೆ ಎತ್ತರದ ಮರಸಾಲು ಸಿಗುವಂತೆ ನೋಡಿಕೊಳ್ಳಬೇಕು. ಮರ ದಾಟಲು ಹಕ್ಕಿ ತಾನಾಗಿ ಮೇಲೇರುತ್ತದೆ.

ದೊಡ್ಡಿಯಿಂದ ಮರೆಬೆಳೆಗೆ 300–500 ಮೀಟರ್ ಸಾಕು. ಅದಕ್ಕಿಂತ ದೂರವಾದರೆ ಹಕ್ಕಿಯನ್ನು ಅಲ್ಲಿಗೆ ಎಳೆದು ನಿಲ್ಲಿಸುವುದು ಕಷ್ಟ. ತೀರ ಹತ್ತಿರವಾದರೆ ಹಾರುವ ಬದಲು ಓಡಿಯೇ ಮನೆ ಸೇರುತ್ತದೆ. ನಕ್ಷೆಯಲ್ಲಿ ಕನಿಷ್ಠ ನಾಲ್ಕು ಸೋವು, ಅಂದರೆ ಹಕ್ಕಿ ಸೋಯುವ ಜಾಗ, ಗುರುತಿಸಿ. ಪ್ರತಿ ಸೋವಿಗೂ ಗಾಳಿ ತಿರುಗಿದರೆ ಬಳಸಲು ಎರಡನೆಯ ಸಾಲೊಂದು ಇರಲಿ. ರಸ್ತೆ, ಸಾರ್ವಜನಿಕ ಕಾಲುದಾರಿ, ಮನೆ, ವಿದ್ಯುತ್ ತಂತಿ ಇವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಬ್ರಿಟನ್ನಿನ ಹೊಲಗಳ ನಡುವೆ ಕಾಲುದಾರಿ ಎಲ್ಲೆಂದರಲ್ಲಿ ಹಾಯುತ್ತದೆ, ನಡೆಯುವವರಿಗೆ ಹಕ್ಕೂ ಇದೆ.

ಹಂತ 2: ದೊಡ್ಡಿ ಕಟ್ಟುವುದು (ಏಪ್ರಿಲ್–ಜೂನ್)

ಅಳತೆ: ಹೆಕ್ಟೇರಿಗೆ 1000 ಹಕ್ಕಿ ಮೀರಬಾರದು, ಹಳೆಯ ಸಹಜ ಕಾಡಾದರೆ 700. ಅಂದರೆ ಒಂದು ಹಕ್ಕಿಗೆ ಕನಿಷ್ಠ ಹತ್ತು ಚದರ ಮೀಟರ್. ಇಕ್ಕಟ್ಟಾದ ದೊಡ್ಡಿಯಲ್ಲಿ ನೆಲದ ಗಿಡ ಒಂದೇ ಬೇಸಿಗೆಯಲ್ಲಿ ಬೋಳಾಗುತ್ತದೆ, ಮಣ್ಣಿನಲ್ಲಿ ಹುಳದ ಮೊಟ್ಟೆ ಸೇರುತ್ತದೆ, ಹಕ್ಕಿಗಳು ಒಂದರ ಗರಿ ಒಂದು ಕೀಳುತ್ತವೆ.

ಒಳಗಿನ ನೆಲದಲ್ಲಿ ಮೂರನೆಯ ಒಂದು ಪಾಲು ಬಿಸಿಲು ಬೀಳುವ ಬಯಲು, ಒಂದು ಪಾಲು ಮೊಣಕಾಲೆತ್ತರದ ಪೊದೆ, ಒಂದು ಪಾಲು ರಾತ್ರಿ ಕೂರಲು ಮರ. ಈ ಮೂರರಲ್ಲಿ ಬಯಲನ್ನೇ ಜನ ಮರೆಯುವುದು. ಇಬ್ಬನಿಯಲ್ಲಿ ನೆಂದ ಎಳೆ ಹಕ್ಕಿಗೆ ಬೆಳಗಿನ ಬಿಸಿಲು ಸಿಗದಿದ್ದರೆ ಅದು ಬೇಲಿಯಾಚೆ ಬಿಸಿಲು ಹುಡುಕುತ್ತ ಹೋಗುತ್ತದೆ. ಆದ್ದರಿಂದ ಪೂರ್ವ–ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಆರಿಸಿ. ಹೊಳೆಬದಿ, ನಿತ್ಯ ಒದ್ದೆ ನೆಲ ಬೇಡ.

ಒಂದು ಹೆಕ್ಟೇರ್ ಚೌಕದ ಸುತ್ತಳತೆ 400 ಮೀಟರ್. ನಾಲ್ಕು ಮೀಟರಿಗೊಂದು ಗೂಟವೆಂದರೆ ನೂರು ಗೂಟ, ಗೇಟಿಗೆ ಮತ್ತು ತಿರುವುಗಳಿಗೆ ಇನ್ನು ಹತ್ತು. ಬಲೆ 1.2 ಮೀಟರ್ ಅಗಲದ್ದು ಎರಡು ಸಾಲು. ಕೆಳಸಾಲಿಗೆ 31 ಮಿಮೀ ಕಣ್ಣಿನದು, ಮೇಲಿನದಕ್ಕೆ 50 ಮಿಮೀ ನಡೆಯುತ್ತದೆ. ಒಟ್ಟು 2.4 ಮೀಟರಿನಲ್ಲಿ ಕೆಳಗಿನ 30 ಸೆಂಮೀ ಹೊರಕ್ಕೆ ಮಡಚಿ ನೆಲಕ್ಕೆ ಮೊಳೆ ಹೊಡೆಯಿರಿ ಅಥವಾ ಹೂಳಿರಿ. ನಡುವಿನ 1.8 ಮೀಟರ್ ನೆಟ್ಟಗೆ ನಿಲ್ಲಲಿ. ಮೇಲಿನ 30 ಸೆಂಮೀ ಹೊರಕ್ಕೆ ಸಡಿಲವಾಗಿ ಜೋಲಲಿ. ನರಿ ಬುಡದಲ್ಲಿ ಕೆರೆದರೆ ಮಡಿಕೆ ಅಡ್ಡ, ಹತ್ತಲು ಹೋದರೆ ಜೋಲುಬಲೆ ಅದರ ಮೇಲೆಯೇ ಮಗುಚುತ್ತದೆ. ಮೇಲಂಚನ್ನು ಬಿಗಿದು ಕಟ್ಟಿದರೆ ನರಿಗೆ ಏಣಿ ಇಟ್ಟುಕೊಟ್ಟ ಹಾಗೆ. ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಲ್ಲಿ ಹೆದರಿದ ಹಕ್ಕಿಗಳು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ.

ಹೊರಗೆ ವಿದ್ಯುತ್ ಬೇಲಿ: ಬಲೆಯಿಂದ 45 ಸೆಂಮೀ ಆಚೆ, ನೆಲದಿಂದ 15 ಮತ್ತು 30 ಸೆಂಮೀ ಎತ್ತರದಲ್ಲಿ ಎರಡು ತಂತಿ. ದಿನಾ ಮೀಟರ್ ಹಿಡಿದು ನೋಡಿ, 4000 ವೋಲ್ಟಿಗಿಂತ ಕೆಳಗಿಳಿದರೆ ಎಲ್ಲೋ ಹುಲ್ಲು ತಾಗಿದೆ. ಹಕ್ಕಿ ಬರುವ ಮೊದಲು ತಂತಿಯಡಿಯ ಹುಲ್ಲು ಕೊಯ್ದು, ಆಗಸ್ಟಿನಲ್ಲಿ ಮತ್ತೊಮ್ಮೆ ಕೊಯ್ಯಿರಿ.

ಮರಳಿ ಬರುವ ಬಾಗಿಲು ದೊಡ್ಡಿಯ ಜೀವ. ಹಗಲು ಹಾರಿ ಹೊರಬಿದ್ದ ಎಳೆ ಹಕ್ಕಿಗೆ ಹಾರಿ ಒಳಬರುವ ಬುದ್ಧಿ ಇರುವುದಿಲ್ಲ, ಬೇಲಿಗುಂಟ ನಡೆಯುತ್ತಲೇ ಇರುತ್ತದೆ. ಹಾಗಾಗಿ 40–50 ಮೀಟರಿಗೊಂದರಂತೆ ಬಲೆಯಿಂದಲೇ ಮಾಡಿದ ಆಲಿಕೆ ಒಳಮುಖವಾಗಿ ಇಡಬೇಕು: ಹೊರಗೆ ಅಗಲ, ಒಳಗೆ ಹೋದಂತೆ ಕಿರಿದು. ಹೊರಬಾಯಿಗೆ 9 ಸೆಂಮೀ ಅಂತರದ ಕಬ್ಬಿಣದ ಕಂಬಿಯ ಚೌಕಟ್ಟು. ಫೆಸೆಂಟ್ ತೂರುತ್ತದೆ, ನರಿಯ ಭುಜ ತೂರುವುದಿಲ್ಲ. ಬಾಯಿಯ ಪಕ್ಕದಲ್ಲಿ ಬೇಲಿಗೆ ಓರೆಯಾಗಿ ಒಂದು ಮೀಟರಿನ ಬಲೆರೆಕ್ಕೆ ಕಟ್ಟಿ. ಬೇಲಿಗುಂಟ ಬಂದ ಹಕ್ಕಿ ಅದಕ್ಕೆ ತಡೆದು ಆಲಿಕೆಯೊಳಕ್ಕೆ ತಿರುಗುತ್ತದೆ. ರೆಕ್ಕೆ ಇಲ್ಲದ ಆಲಿಕೆಯ ಮುಂದೆಯೇ ಹಕ್ಕಿ ಹತ್ತು ಸಲ ಹಾದುಹೋಗುವುದುಂಟು.

ಹಂತ 3: ಮರೆಬೆಳೆ (ಮೇ–ಜುಲೈ)

ಮುಸುಕಿನ ಜೋಳ ಎಲ್ಲರಿಗೂ ಪ್ರಿಯ. ಮಣ್ಣಿನ ಬಿಸಿ 8–10 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಂತ ಮೇಲೆ, ಅಂದರೆ ಮೇ ತಿಂಗಳಲ್ಲಿ, 5 ಸೆಂಮೀ ಆಳಕ್ಕೆ, 75 ಸೆಂಮೀ ಸಾಲಿನಲ್ಲಿ, ಹೆಕ್ಟೇರಿಗೆ ಸುಮಾರು ಒಂದು ಲಕ್ಷ ಗಿಡ ಬರುವಂತೆ ಬಿತ್ತುತ್ತಾರೆ. ಮೇಲುಮೇಲೆ ಬಿತ್ತಿದರೆ ಕಾಗೆಯ ಜಾತಿಯ ರೂಕ್‌ಗಳು ಸಾಲು ಹಿಡಿದು ಕಾಳು ಕಿತ್ತುಬಿಡುತ್ತವೆ. ಮುಸುಕಿನ ಜೋಳದ ಕೊರತೆ ಒಂದೇ: ಡಿಸೆಂಬರಿನ ಬಿರುಗಾಳಿಗೆ ಮಲಗಿಬಿಡುತ್ತದೆ, ಆಮೇಲೆ ಅಲ್ಲಿ ಹಕ್ಕಿ ನಿಲ್ಲುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಕೇಲ್ ಇರಬೇಕು. ಕೋಸಿನ ಕುಲದ ಈ ಗಿಡ ಹಿಮಕ್ಕೆ ಬಗ್ಗುವುದಿಲ್ಲ, ಎರಡು ವರ್ಷ ಬರುತ್ತದೆ, ಎರಡನೆಯ ವರ್ಷ ಬೀಜವನ್ನೂ ಕೊಡುತ್ತದೆ. ಹೆಕ್ಟೇರಿಗೆ 4–5 ಕೆಜಿ ಬೀಜ ಕೂರಿಗೆಯಲ್ಲಿ ಸಾಕು. ಮೊಳಕೆಯ ಮೊದಲ ಮೂರು ವಾರ ಎಲೆಯಲ್ಲಿ ಸಣ್ಣ ತೂತು ಕಂಡರೆ ಅದು ಜಿಗಿಯುವ ಫ್ಲೀ ಬೀಟಲ್. ಒಣ ಮೇ ತಿಂಗಳಲ್ಲಿ ಅದು ಇಡೀ ಹೊಲ ಮುಗಿಸಬಲ್ಲದು. ಮಳೆ ನೋಡಿಕೊಂಡು ಜೂನಿಗೆ ಬಿತ್ತನೆ ಮುಂದೂಡುವುದೇ ಜಾಣತನ.

ಪಟ್ಟಿಯ ಅಗಲ 20–25 ಮೀಟರಿಗಿಂತ ಕಡಿಮೆ ಬೇಡ. ಕಿರಿದಾದ ಪಟ್ಟಿಯಲ್ಲಿ ಗಾಳಿ ನುಗ್ಗಿ ಚಳಿಯಾಗುತ್ತದೆ, ಹಕ್ಕಿ ಬೆಚ್ಚನೆಯ ಬೇಲಿಸಾಲು ಹುಡುಕಿ ಹೋಗುತ್ತದೆ. ಸಜ್ಜೆ, ಜೋಳ, ಸೂರ್ಯಕಾಂತಿ, ಸಾಸಿವೆಗಳನ್ನು ಅಂಚಿಗೆ ಬೆರೆಸುವುದುಂಟು. ಬೀಜ ತಿನ್ನಲು ಬರುವ ಸಣ್ಣ ಹಕ್ಕಿಗಳಿಗೂ ಚಳಿಗಾಲ ಸಾಗುತ್ತದೆ. ಒಂದೇ ಜಾಗದಲ್ಲಿ ವರ್ಷ ವರ್ಷವೂ ಮುಸುಕಿನ ಜೋಳ ಹಾಕಿದರೆ ಕಳೆಯೇ ಬೆಳೆಯಾಗುತ್ತದೆ, ಜಾಗ ಬದಲಿಸಿ.

ಈಗ ಮುಖ್ಯ ವಿಷಯ: ಪಟ್ಟಿಯ ತುದಿ, ಹಕ್ಕಿ ಏಳುವ ಜಾಗ. ಸೋವಿನವರ ಮುಂದೆ ಹಕ್ಕಿ ಓಡುತ್ತ ಬಂದು ತುದಿಯಲ್ಲಿ ಸೇರುತ್ತದೆ. ಅಲ್ಲಿ ಅಡಗಲು ಏನೂ ಇಲ್ಲದಿದ್ದರೆ ಇನ್ನೂರು ಹಕ್ಕಿ ಒಂದೇ ಸಲಕ್ಕೆ ಭುಗ್ಗನೆ ಎದ್ದುಹೋಗುತ್ತವೆ. ಹದಿನಾರು ಗುಂಡು ಹಾರುವುದರೊಳಗೆ ಸೋವು ಮುಗಿದಿರುತ್ತದೆ. ಆದ್ದರಿಂದ ಕೊನೆಯ 30–40 ಮೀಟರಿನಲ್ಲಿ ದಟ್ಟ ಕೇಲ್, ನಡುನಡುವೆ ಸೊಪ್ಪುಸೌದೆಯ ಗುಪ್ಪೆ, ಓಡಿಹೋಗದಂತೆ ತುದಿಗೆ ಅಡ್ಡವಾಗಿ ಮೊಣಕಾಲೆತ್ತರದ ಬಲೆ ಇರಲಿ. ಬಲೆಯ ಮುಂದೆ ಹಕ್ಕಿ ರೆಕ್ಕೆ ಬಿಚ್ಚಲು ನಾಲ್ಕೈದು ಮೀಟರ್ ತೆರಪು ಬಿಡಿ. ಇಲ್ಲದಿದ್ದರೆ ಅದು ನೇರ ಮೇಲೇಳಲಾಗದೆ ಹಿಂದಕ್ಕೆ, ಸೋವಿನವರ ತಲೆಯ ಮೇಲೆಯೇ ಮರಳುತ್ತದೆ.

ಹಂತ 4: ಹಕ್ಕಿ ಇಳಿಸುವುದು (ಜುಲೈ–ಆಗಸ್ಟ್)

ಪೋಲ್ಟ್ ಎಂದು ಕರೆವ ಆರೇಳು ವಾರದ ಎಳೆ ಹಕ್ಕಿ ಸಾಕಣೆಯವರಿಂದ ಬುಟ್ಟಿಗಳಲ್ಲಿ ಬರುತ್ತದೆ. ಮುಂದಿನ ಮೂರು ದಿನ ಮಳೆಯಿಲ್ಲವೆಂದು ಹವಾಮಾನ ನೋಡಿ, ಬೆಳಗ್ಗೆಯೇ ತರಿಸಿ. ಇಳಿಸುವಾಗ ಬೆನ್ನಿನ ಮೇಲೆ ಗರಿ ತುಂಬಿದೆಯೇ, ಕಣ್ಣು ಸ್ವಚ್ಛವಾಗಿದೆಯೇ, ಒಂದು ರೆಕ್ಕೆಯ ಉದ್ದಗರಿ ಕತ್ತರಿಸಿದೆಯೇ ನೋಡಬೇಕು. ಬೆನ್ನು ಬೋಳಾದ ಹಕ್ಕಿ ಮೊದಲ ಮಳೆಗೇ ಹೋಗುತ್ತದೆ, ಹಿಂದಕ್ಕೆ ಕಳಿಸಲು ಸಂಕೋಚಪಡಬೇಡಿ. ಕತ್ತರಿಸಿದ ಗರಿ ಮೂರು–ನಾಲ್ಕು ವಾರದಲ್ಲಿ ಮತ್ತೆ ಬರುತ್ತದೆ. ಅಷ್ಟರಲ್ಲಿ ಹಕ್ಕಿಗೆ ಇದೇ ಮನೆ ಎಂದು ಮನಸ್ಸಿಗೆ ಹತ್ತಿರಬೇಕು. ಬುಟ್ಟಿಗಳನ್ನು ನೆರಳಲ್ಲಿ, ನೀರು–ಮೇವಿನ ಹತ್ತಿರ ಇಟ್ಟು ಬಾಗಿಲು ತೆರೆದು ದೂರ ಸರಿಯಿರಿ, ಕೊಡವಿ ಸುರಿಯಬೇಡಿ.

ಮೊದಲ ಹತ್ತು ದಿನ ಸಂಜೆ ಮುಸುಕುವ ಹೊತ್ತಿಗೆ ದೊಡ್ಡಿಯೊಳಗೆ ಮೆಲ್ಲಗೆ ನಡೆದು, ನೆಲದಲ್ಲಿ ಮುದುಡಿದ ಹಕ್ಕಿಗಳನ್ನು ಮರ, ಪೊದೆಗಳ ಕಡೆ ತಿರುಗಿಸಿ. ಗೂಬೆಯ ಕಾಟವಿದ್ದರೆ ಮಿನುಗುವ ದೀಪ, ಬಜರ್ಡ್, ಗಿಡುಗಗಳಿಗೆ ತಲೆಯ ಮೇಲೆ ದಟ್ಟ ಪೊದೆಯ ಮರೆ. ಈ ಹಕ್ಕಿಗಳೆಲ್ಲ ಕಾನೂನಿನ ರಕ್ಷಣೆಯಲ್ಲಿವೆ, ಮುಟ್ಟಿದರೆ ಜೈಲು. ನರಿ, ಕಾಗೆ, ಹೆಗ್ಗಣಗಳ ಹತೋಟಿಗೆ ದಾರಿಯಿದೆ, ಆದರೆ ಕಾಗೆಯ ಬೋನು ಸಾಮಾನ್ಯ ಲೈಸೆನ್ಸಿನ ಷರತ್ತಿನಂತೆ ಇರಬೇಕು, ದಿನಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಉರುಲು ವೇಲ್ಸ್‌ನಲ್ಲಿ 2023ರಿಂದ, ಸ್ಕಾಟ್ಲೆಂಡಿನಲ್ಲಿ 2024ರಿಂದ ನಿಷಿದ್ಧ.

ಮೇವು. ಬಂದ ದಿನ ಸಾಕಣೆಯವರು ಕೊಡುತ್ತಿದ್ದ ಗುಳಿಗೆಯಾಕಾರದ ಮೇವನ್ನೇ ಕೊಡಿ. ಎರಡನೆಯ ವಾರದಿಂದ ಹತ್ತರಲ್ಲಿ ಒಂದು ಪಾಲು ಗೋಧಿ, ನಂತರ ವಾರಕ್ಕಷ್ಟು ಏರಿಸುತ್ತ ಸೆಪ್ಟೆಂಬರ್ ನಡುವಿಗೆ ಪೂರ್ತಿ ಗೋಧಿ. ಗುಳಿಗೆ ದುಬಾರಿಯೆಂದು ಒಂದೇ ವಾರದಲ್ಲಿ ಗೋಧಿಗೆ ಹಾರಿದವರ ದೊಡ್ಡಿಯಲ್ಲೇ ಹೊಟ್ಟೆರೋಗ ಮೊದಲು ಬರುವುದು. ಹಕ್ಕಿಗೆ ದಿನಕ್ಕೆ 60–70 ಗ್ರಾಂ ಎಂದರೆ ಸಾವಿರಕ್ಕೆ 60–70 ಕೆಜಿ. ಕಳೆದುಹೋಗುವ ಹಕ್ಕಿ ಲೆಕ್ಕ ಹಿಡಿದರೂ ಋತು ಮುಗಿಯುವುದರಲ್ಲಿ ಆರರಿಂದ ಎಂಟು ಟನ್ ಮೇವು ಬೇಕು. 50 ಹಕ್ಕಿಗೊಂದು ಹಾಪರ್ (ಹಕ್ಕಿ ಕುಕ್ಕಿದಂತೆ ಕಾಳು ಉದುರಿಸುವ ಡಬ್ಬ), ಜೊತೆಗೆ ದಿನಕ್ಕೆರಡು ಸಲ ಕೈಮೇವು. ಕೈಮೇವು ಚೆಲ್ಲುವಾಗ ಪ್ರತಿಸಲವೂ ಒಂದೇ ತೆರನ ಸಿಳ್ಳೆ ಹಾಕಿ. ಸೆಪ್ಟೆಂಬರಿನಲ್ಲಿ ಹಕ್ಕಿಯನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯುವುದು ಈ ಸಿಳ್ಳೆಯೇ. ಒಣಹುಲ್ಲು ಹರವಿದ ದಾರಿಯ ಮೇಲೆ ಚೆಲ್ಲಿದರೆ ಕೆದಕುತ್ತ ಹೊತ್ತು ಕಳೆಯುತ್ತವೆ, ಅಲೆಯಲು ಹೋಗುವುದಿಲ್ಲ. ನೀರಿನ ಪಾತ್ರೆ ನಿತ್ಯ ತೊಳೆಯಿರಿ.

ರೋಗದ ಮೂರು ಗುರುತು ನೆನಪಿರಲಿ. ಕತ್ತು ಚಾಚಿ ಬಾಯಿ ತೆರೆದು ಆಕಳಿಸುತ್ತ, ಸೀನಿದಂತೆ ಸದ್ದು ಮಾಡಿದರೆ ಗೇಪ್ಸ್, ಅಂದರೆ ಶ್ವಾಸನಾಳದಲ್ಲಿ ಕೆಂಪು ಹುಳ. ಎರೆಹುಳದ ಮೂಲಕವೂ ಹರಡುವುದರಿಂದ ಹಳೆಯ ದೊಡ್ಡಿಗಳಲ್ಲಿ ಹೆಚ್ಚು, ಬಿಟ್ಟ ಎರಡು–ಮೂರು ವಾರಕ್ಕೆ ಕಾಣುತ್ತದೆ. ಪಶುವೈದ್ಯರು ಬರೆದುಕೊಟ್ಟ ಫ್ಲುಬೆಂಡಜೋಲ್ ಮೇವಿನಲ್ಲಿ ಬೆರೆಸಿದರೆ ಹತೋಟಿಗೆ ಬರುತ್ತದೆ. ಗರಿ ಉಬ್ಬಿಸಿ ಮಂಕಾಗಿ ಕೂತು ಹಳದಿ ನೊರೆಹಿಕ್ಕೆ ಹಾಕಿ ಎದೆಮೂಳೆ ಚೂಪಾದರೆ ಹೆಕ್ಸಮಿಟ ಅಥವಾ ಕಾಕ್ಸಿಡಿಯೋಸಿಸ್. ಕಣ್ಣಿನಿಂದ ನೋಡಿ ಎರಡನ್ನೂ ಬೇರ್ಪಡಿಸಲಾಗದು, ಅಂದೇ ಸತ್ತ ಎರಡು–ಮೂರು ಹಕ್ಕಿಯನ್ನು ಅಂದೇ ವೈದ್ಯರಿಗೆ ಒಯ್ಯಬೇಕು. ಕಣ್ಣಿನ ಕೆಳಗೆ ಊದಿಕೊಂಡರೆ ಮೈಕೋಪ್ಲಾಸ್ಮ. ಯಾವ ಔಷಧ ಕೊಟ್ಟರೂ ಮಾಂಸ ತಿನ್ನುವ ಮೊದಲು ಎಷ್ಟು ದಿನ ಬಿಡಬೇಕೆಂದು ಬರೆಸಿಕೊಂಡು, ಮೊದಲ ಬೇಟೆದಿನವನ್ನು ಅದಕ್ಕೆ ಹೊಂದಿಸಿ.

ಕೆಂಪುಕಾಲಿನ ಕೌಜುಗಕ್ಕೆ ಇಷ್ಟು ದೊಡ್ಡ ದೊಡ್ಡಿ ಬೇಡ. ಹತ್ತು–ಹನ್ನೆರಡು ವಾರದ ಹಕ್ಕಿಯನ್ನು ಮರೆಬೆಳೆಯೊಳಗೇ ಸಣ್ಣ ಪಂಜರಗಳಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಬಿಟ್ಟರೆ ಒಳಗುಳಿದವುಗಳ ಕೂಗಿಗೆ ಹೊರಗಿನವು ಅಲ್ಲೇ ಸುಳಿಯುತ್ತವೆ. ಯಾವ ಹಕ್ಕಿಯಾದರೂ ಅದರ ಋತು ತೆರೆದ ಮೇಲೆ ಹೊಸದಾಗಿ ಬಿಡಬಾರದು, ಬೇಟೆಯವರ ಸಂಹಿತೆ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ.

ಹಂತ 5: ಮನೆಯಿಂದ ಮೇವಿಗೆ (ಆಗಸ್ಟ್ ಕೊನೆ–ಅಕ್ಟೋಬರ್)

ರೆಕ್ಕೆ ಬಂದ ಹಕ್ಕಿ ಬೇಲಿ ಹಾರುತ್ತದೆ. ಆಗ ನಿತ್ಯದ ಕೆಲಸ, ಗಡಿಯಗುಂಟ ನಾಯಿ ಹಿಡಿದು ನಡೆದು ಹೊರಗೆ ಅಲೆವ ಹಕ್ಕಿಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸುವುದು. ಬೆಳಗು ಹರಿಯುವಾಗ ಒಮ್ಮೆ, ಸಂಜೆ ಒಮ್ಮೆ. ಸ್ಪೇನಿಯಲ್ ನಾಯಿ ಹತ್ತಿರ ಹತ್ತಿರವೇ ಹುಡುಕಬೇಕು, ಅಟ್ಟಿಸಿಕೊಂಡು ಹೋಗಬಾರದು. ಈ ಆರು ವಾರ ಸೋಮಾರಿಯಾದರೆ ನಿಮ್ಮ ಹಕ್ಕಿ ನೆರೆಯವರ ಬೇಟೆಗೆ ಸೇರಿತೆಂದೇ ಲೆಕ್ಕ.

ಜೊತೆಜೊತೆಗೇ ಮೇವಿನ ದಾರಿ ಎಳೆಯಬೇಕು. ದೊಡ್ಡಿಯಿಂದ ಮರೆಬೆಳೆಯತ್ತ 50 ಮೀಟರಿಗೊಂದು ಹಾಪರ್ ಇಟ್ಟು, ಸಿಳ್ಳೆ ಹಾಕುತ್ತ ಕಾಳು ಚೆಲ್ಲುತ್ತ ಹೋಗಿ. ಎರಡು–ಮೂರು ದಿನಕ್ಕೊಮ್ಮೆ ಹಿಂದಿನ ಹಾಪರ್ ಕಿತ್ತು ಮುಂದಕ್ಕೆ ಸೇರಿಸಿ. ಒಂದು ಹಳುವಿಗೆ ಹಕ್ಕಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಂದರೆ ಹಾಪರ್ ಸ್ಥಳ ಬದಲಿಸಿ ತೂಕ ಸರಿಮಾಡಬಹುದು. ಆದರೆ ದೊಡ್ಡಿಯೊಳಗಿನ ಮೇವನ್ನು ಪೂರ್ತಿ ನಿಲ್ಲಿಸಬೇಡಿ. ಮನೆಯಲ್ಲಿ ಹಸಿವಾದ ಹಕ್ಕಿಗೆ ಅದು ಮನೆಯಲ್ಲ, ಎದ್ದಾಗ ಅತ್ತ ಹಾರುವುದೂ ಇಲ್ಲ.

ಮೇ ನಡುವೆ ಮೊಟ್ಟೆಯೊಡೆದ ಹಕ್ಕಿಗೆ ಅಕ್ಟೋಬರ್ ಕೊನೆಗೆ 24 ವಾರ. ಬಾಲ, ರೆಕ್ಕೆ ತುಂಬಿ ಬಲವಾಗಿ ಹಾರುವ ವಯಸ್ಸು ಅದು. ಕಾನೂನು ಅಕ್ಟೋಬರ್ 1ಕ್ಕೇ ಬಾಗಿಲು ತೆರೆದರೂ ಒಳ್ಳೆಯ ಕೂಟಗಳು ನವೆಂಬರಿಗೆ ಕಾಯುವುದು ಇದಕ್ಕೇ. ಎಲೆ ಉದುರುವುದೂ ಆಗಲೇ.

ಅಕ್ಟೋಬರಿನಲ್ಲಿ ಈಡುಗಾರರು ನಿಲ್ಲುವ ಜಾಗಕ್ಕೆ ಗೂಟ ನೆಡಿ. ಎಂಟು ಗೂಟ, 40 ಮೀಟರ್ ಅಂತರ, ಒಟ್ಟು 280 ಮೀಟರ್ ಸಾಲು. ಬಲದಿಂದ ಎಣಿಕೆ.

ಹಂತ 6: ಬೇಟೆಯ ದಿನ

ಬೆಳಗ್ಗೆ ಚೀಟಿ ಎತ್ತಿ ಗೂಟ ಹಂಚುತ್ತಾರೆ, ಸೋವಿನಿಂದ ಸೋವಿಗೆ ಎರಡೆರಡು ಗೂಟ ಮುಂದೆ ಸರಿಯುತ್ತಾರೆ. ಹೊರಡುವ ಮೊದಲು ಮುಖ್ಯಸ್ಥ ಹೇಳಬೇಕಾದ್ದು: ಇಂದಿನ ಮಿತಿ ಎಷ್ಟು, ಯಾವ ಹಕ್ಕಿಗೆ ಈಡಿಲ್ಲ, ನೆಲದ ಮೇಲಿನ ಪ್ರಾಣಿಗೆ ಈಡಿಲ್ಲ, ಕೊಂಬಿನ ಅರ್ಥವೇನು. ಸಾಮಾನ್ಯವಾಗಿ ಮೊದಲ ಕೊಂಬಿಗೆ ಶುರು, ಎರಡನೆಯದಕ್ಕೆ ಸೋವಿನವರು ಹತ್ತಿರ ಬಂದರೆಂದು ಮುಂದಕ್ಕೆ ಹೊಡೆಯುವುದು ಬಂದ್, ಹಿಂದೆ ಮಾತ್ರ. ಮೂರನೆಯದಕ್ಕೆ ಕೋವಿ ಮಡಚಿ ತೋಟಾ ತೆಗೆದು ಚೀಲಕ್ಕೆ.

ಸುರಕ್ಷತೆಗೆ ಎರಡೇ ಕಟ್ಟಳೆ, ಎರಡಕ್ಕೂ ರಿಯಾಯಿತಿಯಿಲ್ಲ. ಹಕ್ಕಿಯ ಹಿಂದೆ ಬಾನು ಕಾಣದಿದ್ದರೆ ಕುದುರೆ ಒತ್ತಬಾರದು. ನಳಿಗೆಯನ್ನು ಸಾಲಿನ ಜನರ ಮೇಲೆ ಹಾಯಿಸಬಾರದು; ಹಿಂದೆ ಹೋದ ಹಕ್ಕಿಗೆ ತಿರುಗುವುದಿದ್ದರೆ ನಳಿಗೆ ಮೇಲೆತ್ತಿ, ತಿರುಗಿ, ಮತ್ತೆ ಹೆಗಲಿಗೇರಿಸಬೇಕು. ಮುರಿದವರನ್ನು ಅಲ್ಲಿಂದಲೇ ಮನೆಗೆ ಕಳಿಸುವ ಪದ್ಧತಿ ಒಳ್ಳೆಯದು.

ಸೋವು ನಡೆಯುವುದು ಹೀಗೆ. ಪಕ್ಕಗಳಲ್ಲಿ ತಡೆಯುವವರು ಅರ್ಧ ಗಂಟೆ ಮೊದಲೇ ಹೋಗಿ ನಿಂತು, ಹಕ್ಕಿ ಓಡಿ ಜಾರದಂತೆ ಮೆಲ್ಲಗೆ ಕೋಲು ತಟ್ಟುತ್ತಿರಬೇಕು. ಸೋವಿನವರು ಹತ್ತು–ಹದಿನೈದು ಮಂದಿ, ಹತ್ತು ಮೀಟರ್ ಅಂತರ, ಸಾಲು ನೆಟ್ಟಗೆ. ಕೂಗಾಟ ಬೇಡ, ಕೋಲಿನ ಸದ್ದು ಸಾಕು. ತುದಿ ಹತ್ತಿರವಾದಂತೆ ನಿಧಾನ, ಇನ್ನೂ ನಿಧಾನ. ಹಕ್ಕಿ ಏಳತೊಡಗಿದರೆ ಇಡೀ ಸಾಲು ನಿಲ್ಲಬೇಕು. ಎದ್ದದ್ದು ದಾಟಿದ ಮೇಲೆ ಮತ್ತೆ ಎರಡು ಹೆಜ್ಜೆ. ಗುಂಪಾಗಿ ಏಳುವ ಸೂಚನೆ ಕಂಡರೆ ಎಲ್ಲರೂ ನಿಂತಲ್ಲೇ ನಿಂತು, ಒಬ್ಬನೇ ಒಳಗೆ ಹೋಗಿ ಬರಲಿ. ಸೋವು ಕೆಡುವುದು ಬಹುತೇಕ ಎರಡು ಕಾರಣಕ್ಕೆ: ಸೋವಿನವರ ಅವಸರ, ಹಿಡಿತ ತಪ್ಪಿ ಮುನ್ನುಗ್ಗಿದ ನಾಯಿ. ಬಯಲಿಗೆ ಓಡುವ ಹಕ್ಕಿಯನ್ನು ತಡೆಯಲು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ ಹಗ್ಗವನ್ನು ಅಡ್ಡ ಕಟ್ಟಿ ತುದಿಯಿಂದ ಜಗ್ಗುತ್ತ ಅಲುಗಿಸುವುದೂ ಉಂಟು.

ಈಡುಗಾರರಿಗೆ ಇಷ್ಟು: 12 ಬೋರಿನ ಜೋಡುನಳಿಗೆ, ಸೀಸದ 28–32 ಗ್ರಾಂ ತೋಟಾ, 5 ಅಥವಾ 6ನೇ ಚರೆ. ಉಕ್ಕಿನ ಚರೆಗೆ ಎರಡು ಅಳತೆ ದಪ್ಪದ್ದು, ಅಂದರೆ 6ರ ಬದಲು 4. ಸೀಸವನ್ನು ಕೈಬಿಡಲು ಬೇಟೆಯ ಸಂಘಗಳು 2020ರಲ್ಲೇ ಕರೆ ಕೊಟ್ಟಿದ್ದವು, 2025ರಲ್ಲಿ ಸರ್ಕಾರವೂ ನಿಷೇಧದ ನಿರ್ಧಾರ ಪ್ರಕಟಿಸಿತು. ಈಗಲೇ ಉಕ್ಕಿಗೆ ಕೈ ಪಳಗಿಸುವುದು ಲೇಸು, ಆದರೆ ಹಳೆಯ ಕೋವಿಯಾದರೆ ಅದರ ನಳಿಗೆ ಉಕ್ಕು ತಾಳುತ್ತದೆಯೇ ಎಂದು ಕೋವಿ ರಿಪೇರಿಯವರಿಗೆ ತೋರಿಸಿ. ತಪ್ಪಿದ ಈಡು ಹೆಚ್ಚಾಗಿ ಹಕ್ಕಿಯ ಹಿಂದೆ ಹೋಗಿರುತ್ತದೆ: ಹಕ್ಕಿಯ ಬಾಲದಿಂದ ಶುರುಮಾಡಿ, ಮೈ ದಾಟಿ, ಕೊಕ್ಕು ದಾಟಿದಾಗ ಕುದುರೆ ಒತ್ತಿ, ಒತ್ತಿದ ಮೇಲೂ ನಳಿಗೆ ನಿಲ್ಲಿಸಬೇಡಿ. 35–40 ಮೀಟರ್ ಮೇಲಿನದಕ್ಕೆ ಕೈ ಹಾಕಬೇಡಿ, ಗಾಯಗೊಂಡು ಹೋಗುತ್ತದೆ. ಗಾಯದ ಹಕ್ಕಿ ಎಲ್ಲಿ ಇಳಿಯಿತೆಂದು ಗುರುತಿಟ್ಟು ಹಿಂದೆ 200–300 ಮೀಟರಿನಲ್ಲಿ ನಾಯಿ ಹಿಡಿದು ನಿಂತವರಿಗೆ ಹೇಳುವುದು ನಿಮ್ಮ ಹೊಣೆ.

ಮನೆಕಾಡನ್ನು ಸೋಯಬೇಡಿ, ಸೋಯಲೇಬೇಕಾದರೆ ಜನವರಿಯ ಕೊನೆಗೆ. ಒಂದೇ ಸೋವನ್ನು ಎರಡು ವಾರದೊಳಗೆ ಮತ್ತೆ ಮಾಡಿದರೆ ಹಕ್ಕಿ ಆ ಹಳುವನ್ನೇ ಬಿಡುತ್ತದೆ.

ಹಂತ 7: ಹಕ್ಕಿ ಕೈಸೇರಿದ ಮೇಲೆ

ಬಿಸಿ ಹಕ್ಕಿಯನ್ನು ರಾಶಿ ಹಾಕಿದರೆ ಒಳಗೇ ಹುಳಿಯುತ್ತದೆ. ಹುಂಜ–ಹೇಟೆ ಜೋಡಿ ಮಾಡಿ ಕತ್ತಿನಲ್ಲಿ ದಾರ ಕಟ್ಟಿ, ಗಾಡಿಯಲ್ಲೇ ಗಾಳಿಗೆ ತೂಗುಹಾಕಿ. ಅಂದೇ 4 ಡಿಗ್ರಿಗಿಂತ ಕೆಳಗಿನ ತಣ್ಣನೆಯ ಕೋಣೆಗೆ ಸೇರಿಸಿ. ಮೂರರಿಂದ ಐದು ದಿನ ತೂಗಿದರೆ ಮಾಂಸ ಮೆತ್ತಗಾಗುತ್ತದೆ. ಯಾವ ವ್ಯಾಪಾರಿಗೆ ಎಷ್ಟು, ಮನೆಗಳಿಗೆ ಎಷ್ಟು ಎಂಬುದು ಋತುವಿನ ಮೊದಲೇ ನಿಶ್ಚಯವಾಗಿರಲಿ. ತಿನ್ನುವವರಿಲ್ಲದೆ ಹೊಡೆಯುವುದು ಈ ವಲಯದಲ್ಲೇ ನಾಚಿಕೆಗೇಡು. ಎದೆಭಾಗದಲ್ಲಿ ಕೊಬ್ಬೇ ಇಲ್ಲ, ಹೆಚ್ಚು ಬೆಂದರೆ ನಾರಾಗುತ್ತದೆ. ಅದನ್ನು ಬೇಗ ಹುರಿದಿಳಿಸಿ, ಕಾಲನ್ನು ಸ್ನಾಯುದಾರ ಎಳೆದು ತೆಗೆದು, ನಾಟಿಕೋಳಿಯಂತೆ ಹುರಿದರೆದ ಮಸಾಲೆಯಲ್ಲಿ ಸಣ್ಣ ಉರಿಗೆ ಒಂದೂವರೆ ಗಂಟೆ ಬೇಯಿಸಿದರೆ ಸಾರು ಸೊಗಸು. ಚರೆ ಬೆರಳಿನಿಂದ ತಡವಿ ತೆಗೆಯಿರಿ. ಸೀಸದ ಚರೆಯಿಂದ ಬಿದ್ದ ಹಕ್ಕಿಯಾದರೆ ಮಕ್ಕಳಿಗೆ, ಬಸುರಿಯರಿಗೆ ಬೇಡ.

ಹಂತ 8: ಫೆಬ್ರವರಿ 1ರ ನಂತರ

ಮುಂದಿನ ವರ್ಷದ ಮೊಟ್ಟೆಗೆ ಹೇಟೆ ಹಿಡಿಯುವುದಿದ್ದರೆ ಋತು ಮುಗಿಯುವುದರೊಳಗೆ ಹಿಡಿದಿರಬೇಕು. ಹೊರಗೆ ಉಳಿದ ಹಕ್ಕಿಗೆ ಮೇವು ನಿಲ್ಲಿಸಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದಲ್ಲಿ ಬೀಜವೂ ಇಲ್ಲ, ಹುಳುವೂ ಎದ್ದಿರುವುದಿಲ್ಲ. ಗೂಡು ಕಟ್ಟಬೇಕಾದ ಹೇಟೆ ಆಗಲೇ ಸೊರಗುವುದು. ಹಾಪರ್‌ಗಳನ್ನು ಬೇಲಿಸಾಲಿನಗುಂಟ ದೂರ ದೂರಕ್ಕೆ ಹರಡಿ ಮೇ ಮೊದಲ ವಾರದವರೆಗೆ ತುಂಬುತ್ತಿರಿ. ಸುತ್ತ ಹೆಗ್ಗಣದ ಬಿಲ ಕಂಡರೆ ಹಾಪರ್ ಹತ್ತು ಮೀಟರ್ ಸರಿಸಿ. ದೊಡ್ಡಿಯ ಬಾಗಿಲು ತೆರೆದಿಟ್ಟು ನೆಲಕ್ಕೆ ಬಿಸಿಲು ಬೀಳುವಂತೆ ಕೊಂಬೆ ಸವರಿ, ಹಳೆಯ ಹುಲ್ಲುಹಾಸು ಎತ್ತಿ ಸುಡಿ. ಗೇಪ್ಸ್ ಕಾಣಿಸಿದ್ದ ದೊಡ್ಡಿಯಾದರೆ ಆ ಜಾಗಕ್ಕೆ ಒಂದು ವರ್ಷ ಬಿಡುವು ಕೊಟ್ಟು, ಬಲೆ, ಗೂಟಗಳನ್ನು ಅದೇ ಕಾಡಿನ ಇನ್ನೊಂದು ಮಗ್ಗುಲಿಗೆ ಸಾಗಿಸಿ.